ಕ್ಯಾಮೆರಾ ನೋಡ್ಬಾರ್ದು

ಚಂದ್ರಾ ಲೇಔಟಿನಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಆಂಟಿ ಜೂನಿಯರ್ ಆರ್ಟಿಸ್ಟ್. ಸೀರಿಯಲ್ಲಿನ ಮದುವೆಗಳಲ್ಲಿ ಅಕ್ಷತೆ ಹಾಕುವವರು, ಸಿನಿಮಾದ ಆಸ್ಪತ್ರೆಯಲ್ಲಿ ಬೆಂಚಿನ ಮೇಲೆ ಕೂತವರು ಎಷ್ಟೋ ಸಲ ಅವರೇ. "ಹಿಂದೆ ಇರೋರು ಕ್ಯಾಮೆರಾ ನೋಡ್ಬಾರ್ದು ಕಣಮ್ಮ, ಶಾಟ್ ಹಾಳಾಗುತ್ತೆ" ಎನ್ನುತ್ತಿದ್ದರು. ಅದು ಎಷ್ಟು ಮೈಗೂಡಿತ್ತೆಂದರೆ, ನನ್ನ ಸೀಮಂತದ ಫೋಟೋದಲ್ಲೂ ಅವರು ಗೋಡೆ ನೋಡುತ್ತಿದ್ದಾರೆ.

ಶೂಟಿಂಗ್ ಇದ್ದ ದಿನ ಮಾತ್ರ ನಾನು ಕಾಫಿ ಕೊಟ್ಟರೆ ಮುಟ್ಟುತ್ತಿರಲಿಲ್ಲ. ಯಾಕೆಂದು ಹೇಳುತ್ತಲೂ ಇರಲಿಲ್ಲ.

ಚಿತ್ರರಂಗಕ್ಕೆ, ಟಿವಿಗೆ ಸರ್ಕಾರ ಏನು ನೆರವು ಕೊಡಬೇಕೆಂದು ಕೇಳಲು ಒಮ್ಮೆ ಸಭೆ ಕರೆದಿದ್ದರು. ಜೊತೆಗೆ ಬಾ ಎಂದು ಆಂಟಿ ಕರೆದರು, ಹೋದೆ. ನಿರ್ಮಾಪಕರು ಹೆಚ್ಚು ಸಬ್ಸಿಡಿ ಕೇಳಿದರು. ಹೀರೋಗಳು ಫಿಲ್ಮ್ ಸಿಟಿ ಕೇಳಿದರು. ಇನ್ನೇನು ವಂದನಾರ್ಪಣೆ ಎನ್ನುವಾಗ ಹಿಂದಿನ ಸಾಲಿನಿಂದ ಆಂಟಿ ಎದ್ದು ಮೈಕ್ ಇಸಿದುಕೊಂಡರು.

"ಎಲ್ಲಾ ಕೊಡಿ ಸಾರ್. ಆದ್ರೆ ಶೂಟಿಂಗ್ ಜಾಗದಲ್ಲಿ ಹೆಂಗಸ್ರಿಗೆ ಟಾಯ್ಲೆಟ್ ಇಲ್ದಿದ್ರೆ ಸಬ್ಸಿಡಿ ಇಲ್ಲ ಅಂತ ರೂಲ್ ಮಾಡಿ. ನಾವು ಸಂಜೆವರೆಗೂ ಒಂದು ಹನಿ ನೀರು ಕುಡೀದೆ ನಿಂತಿರ್ತೀವಿ."

ಯಾರೋ ನಕ್ಕರು. ವೇದಿಕೆಯ ಮೇಲಿದ್ದ ಅಧಿಕಾರಿ, "ಆಯ್ತಮ್ಮ, ಕೂತ್ಕೊಳಿ" ಎಂದರು.

"ಬರ್ಕೊಳಿ ಸಾರ್, ಆಮೇಲೆ ಕೂತ್ಕೋತೀನಿ."

ಅಷ್ಟರಲ್ಲಿ ಟಿವಿಯ ಹುಡುಗನೊಬ್ಬ ಕ್ಯಾಮೆರಾ ಹೊತ್ತು ಹತ್ತಿರ ಬಂದ. "ಆಂಟಿ, ಕ್ಯಾಮೆರಾ ನೋಡ್ಬೇಡಿ. ಸಾಹೇಬ್ರನ್ನ ನೋಡ್ಕೊಂಡು ಮಾತಾಡಿ."

"ಸಾಹೇಬ್ರನ್ನ ನೋಡಿದ್ದಾಯ್ತು" ಎಂದ ಆಂಟಿ, ಸೆರಗು ಸರಿಮಾಡಿಕೊಂಡು ನೇರ ಲೆನ್ಸಿನತ್ತ ತಿರುಗಿ, ಅದೇ ಮಾತನ್ನು ಮೊದಲಿನಿಂದ ಹೇಳಿದರು.