ಮಣಿಕಟ್ಟಿಗೆ ಸುತ್ತಿದ ಹಗ್ಗ

ನಾನು ಬಿಜಾಪುರದ ಕಡೆಯವನು. ಇಪ್ಪತ್ತು ದಾಟುವವರೆಗೆ ಉಪ್ಪುನೀರು ನೋಡಿರಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಠಾಣೆ ಪಟ್ಟಣದ ಪಕ್ಕ, ಕಳವಾ ಎಂಬಲ್ಲಿ, ಒಂದು ಚಾಳಿನಲ್ಲಿ ಖೋಲಿ ಹಿಡಿದು ಕಾರ್ಖಾನೆಯಲ್ಲಿ ಮಾಲು ಎತ್ತುವ ಕೆಲಸ ಮಾಡುತ್ತಿದ್ದೆ. ಪಕ್ಕದ ಖೋಲಿಯಲ್ಲಿ ಉಡುಪಿ ಕಡೆಯ ಒಬ್ಬರಿದ್ದರು. ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವರು. ವಯಸ್ಸಿನಲ್ಲಿ ಹಿರಿಯರು, ಆದ್ದರಿಂದ ನಾನು ಅವರನ್ನು ಅಣ್ಣಾ ಎನ್ನುತ್ತಿದ್ದೆ.

ಅಣ್ಣ ಹುಟ್ಟಿದ್ದು ಮೀನು ಹಿಡಿಯುವವರ ಮನೆಯಲ್ಲಿ. ಬೇಳೆ ಬೇಯಿಸುವಾಗಲೂ ಕಡಲಿನ ಮಾತೇ. ಬೇಸಿಗೆಯಲ್ಲಿ ಕತ್ತಲಿರುವಾಗಲೇ ದೋಣಿ ಬಿಡಬೇಕು, ಆಗ ನೆಲದ ಗಾಳಿ ಹೊರಗೆ ತಳ್ಳುತ್ತದೆ. ಮಧ್ಯಾಹ್ನ ಪಡುವಣ ಗಾಳಿ ಏಳುವ ಮೊದಲು ಮುಖ ತಿರುಗಿಸಬೇಕು. ಕೆಸರುನೀರು ಮುಗಿದು ನೀಲಿನೀರು ಶುರುವಾಗುವ ಗೆರೆಯಲ್ಲಿ ಮೀನು ಹುಡುಕಬೇಕು. ಗಾಳಿಯೇ ಇಲ್ಲದೆ ಉದ್ದುದ್ದ ಅಲೆ ಬರತೊಡಗಿದರೆ ಮಳೆ ದೂರವಿಲ್ಲ, ಬಲೆ ಒಣಗಿಸಿ ಮಡಚಬೇಕು. ನನಗೆ ಇದೆಲ್ಲ ಅರ್ಧ ತಿಳಿಯುತ್ತಿತ್ತು.

ಆ ವರ್ಷ ಅವರಿಗೊಂದು ಆಸೆ ಕೈಗೆಟುಕುವಷ್ಟು ಹತ್ತಿರ ಬಂದಿತ್ತು. ಉರಣದ ಕಡೆಯ ಬಂದರಿನ ಒಬ್ಬ ತಾಂಡೇಲ, ಅಂದರೆ ದೋಣಿ ನಡೆಸುವವನು, ಮಳೆ ಕಳೆದು ನಾರಳಿ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆ ಅವರನ್ನು ದೋಣಿಗೆ ಹಾಕಿಕೊಳ್ಳುತ್ತೇನೆ ಎಂದಿದ್ದ. ಅಣ್ಣ ಕ್ಯಾಂಟೀನಿನಲ್ಲಿ ಆಗಲೇ ಹೇಳಿಬಿಟ್ಟಿದ್ದರು, ಶ್ರಾವಣಕ್ಕೆ ಕೆಲಸ ಬಿಡುತ್ತೇನೆ ಎಂದು. ಕೈಯ ರೂಢಿ ತಪ್ಪಬಾರದೆಂದು ಪ್ರತಿ ರವಿವಾರ ಖಾಡಿಗೆ, ಕಡಲ ನೀರು ಒಳನುಗ್ಗಿ ಇಳಿಯುವ ಹಿನ್ನೀರಿಗೆ, ಹೋಗಿ ಬೀಸುಬಲೆ ಹಾಕುತ್ತಿದ್ದರು. ಚೀಲ ಹೊರಲು ನಾನು ಜೊತೆ.

ಖಾಡಿಯ ಲೆಕ್ಕ ಬೇರೆ. ಬಿಸಿಲೇರಿದರೆ ಮೀನು ಆಳಕ್ಕೆ ಇಳಿಯುತ್ತದೆ. ಇಳಿತ ಮುಗಿದು ನೀರು ತಿರುಗುವ ಹೊತ್ತಿಗೆ ಸಿಗಡಿಯ ಹಿಂದೆ ಅಂಚಿಗೆ ಬರುತ್ತದೆ; ಬಲೆ ಬೀಸುವುದು ಆಗ. ಅಷ್ಟಮಿಯ ಆಸುಪಾಸಿನಲ್ಲಿ ನೀರು ಸೋಮಾರಿ, ಗಾಳಕ್ಕೆ ಒಳ್ಳೆಯದು. ಅಮಾವಾಸ್ಯೆ ಹುಣ್ಣಿಮೆಗೆ ನೀರಿನ ಎಳೆತ ಜೋರು, ಬಲೆಗೆ ಒಳ್ಳೆಯದು.

ಅದು ಅಮಾವಾಸ್ಯೆಯ ಮರುದಿನ, ಮೇ ತಿಂಗಳು. ಬೆಳಗಿನ ಬಿಸಿಲಿಗೇ ಉಪ್ಪಿನ ಗದ್ದೆಯ ಒಡ್ಡು ಕಾಲಿಗೆ ಚುರ್ರೆನ್ನುತ್ತಿತ್ತು. ನೀರು ತಳಮುಟ್ಟಿ, ಕೆಸರು ಹೊಳೆಯುತ್ತಿತ್ತು. ಅಣ್ಣ ಚಿಪ್ಪು ಬಿದ್ದು ಗಟ್ಟಿಯಾದ ಒಂದು ಪಟ್ಟಿಯ ಮೇಲೆ ನಡೆದು ನೀರಿನ ಅಂಚಿಗೆ ಹೋದರು. ಇಳಿಯುವ ಮೊದಲು ಬಲೆಯ ಹಗ್ಗದ ಕುಣಿಕೆಯನ್ನು ಬಲ ಮಣಿಕಟ್ಟಿಗೆ ಹಾಕಿ ಎರಡು ಸುತ್ತು ಸುತ್ತಿಕೊಂಡರು. ಅವರ ಊರಿನಲ್ಲಿ ಹಾಗೆಯೇ. ಅಲ್ಲಿ ಕೆಳಗೆ ಬರೀ ಮರಳು, ಬಲೆ ಸಿಕ್ಕಿಕೊಳ್ಳಲು ಏನೂ ಇಲ್ಲ. ಕೈಯಿಂದ ಜಾರಿದರೆ ಮಾತ್ರ ಬಲೆ ಹೋಯಿತು. ಇಲ್ಲಿಯವರು ಹಗ್ಗವನ್ನು ಬೆರಳಲ್ಲಿ ಹಿಡಿಯುತ್ತಾರೆ, ಕಟ್ಟಿಕೊಳ್ಳುವುದಿಲ್ಲ. ಯಾಕೆಂದರೆ ಖಾಡಿಯ ತಳದಲ್ಲಿ ಹಳೆಯ ಬಲೆಗಳ ಗೂಟಗಳು ಮುರಿದು ಹೂತುಹೋಗಿವೆ. ಅದು ನನಗೆ ತಿಳಿದದ್ದು ಆಮೇಲೆ.

"ಅಣ್ಣಾ, ನೀರ್ ಬರಾಕತ್ತೈತ್ರಿ!" ಎಂದು ಕೂಗಿದೆ.

"ಬರಲಿ ಮಾರಾಯ. ನೀರು ಬಾರದೆ ಮೀನು ಎಂತ ಬಸ್ಸಿನಲ್ಲಿ ಬರುತ್ತದಾ?"

ಬಲೆ ಗುಂಡಗೆ ಬಿಚ್ಚಿಕೊಂಡು ಬಿತ್ತು. ಎಳೆದರು. ಬರಲಿಲ್ಲ. ಇನ್ನೊಮ್ಮೆ ಎಳೆದರು. ಬಿಡಿಸಲು ಮುಂದೆ ಎರಡು ಹೆಜ್ಜೆ ಇಟ್ಟರು, ಪಟ್ಟಿ ಮುಗಿದು ಕೆಸರಿಗೆ ಸೊಂಟದವರೆಗೆ ಇಳಿದರು. ಏರುವ ನೀರು ಬಲೆಯನ್ನು ಒಂದು ಕಡೆ ಎಳೆಯಿತು, ಗೂಟ ಬಿಡಲಿಲ್ಲ, ಒದ್ದೆ ನೂಲಿನ ಹಗ್ಗ ಮಣಿಕಟ್ಟಿನ ಮೇಲೆ ಬಿಗಿಯಿತು. ಅವರು ಎಡಗೈಯಿಂದ ಕುಣಿಕೆಯನ್ನು ಕೆರೆಯುತ್ತಿದ್ದುದು ನನಗೆ ಕಾಣುತ್ತಿತ್ತು. ಚಾಕು ನನ್ನ ಹೆಗಲಿನ ಚೀಲದಲ್ಲಿತ್ತು.

ಅದನ್ನು ಕೈಗೆ ತೆಗೆದುಕೊಂಡು ನಾನು ಇಳಿದೆ. ಪಟ್ಟಿ ಎಲ್ಲಿದೆಯೆಂದು ಆಗಲೇ ಕಾಣುತ್ತಿರಲಿಲ್ಲ. ತೊಡೆಯವರೆಗೆ ಹೂತೆ, ಹೊರಳಿಕೊಂಡು ಹಿಂದೆ ಬಂದೆ. ಒಡ್ಡಿನ ಆಚೆ ಕೆಸರಲ್ಲಿ ನಿವಟಿ ಹಿಡಿಯುತ್ತಿದ್ದ ಹೆಂಗಸೊಬ್ಬಳಿದ್ದಳು. ನಿವಟಿ ಎಂದರೆ ಕೆಸರಿನ ಬಿಲದಲ್ಲಿರುವ ಸಣ್ಣ ಮೀನು. ಅವಳತ್ತ ಓಡಿದೆ. ನನ್ನ ಬಾಯಿಂದ ಮರಾಠಿ ಬರಲಿಲ್ಲ, ಕೈ ತೋರಿಸಿದೆ. ಅವಳು ನೋಡಿದಳು, ನನ್ನ ಕೈಯಿಂದ ಚಾಕು ಕಿತ್ತು ಹಲ್ಲಲ್ಲಿ ಕಚ್ಚಿಕೊಂಡಳು, ಕೆಸರಲ್ಲಿ ಜಾರಲು ಇಟ್ಟುಕೊಂಡಿದ್ದ ತನ್ನ ಹಲಗೆಯ ಮೇಲೆ ಬೋರಲಾಗಿ ಮಲಗಿ ಒಂದು ಕಾಲಿಂದ ಕೆಸರನ್ನು ತಳ್ಳುತ್ತ ಹೋದಳು. ನೀರು ಅಣ್ಣನ ಗದ್ದದ ಹತ್ತಿರ ಇತ್ತು. ಅವರು ಮುಖ ಮೇಲೆತ್ತಿ ಉಸಿರಾಡುತ್ತಿದ್ದರು.

ಅವಳು ಹಗ್ಗ ಕೊಯ್ದಳು. ಇಬ್ಬರೂ ಹಲಗೆ ಹಿಡಿದು ಬಂದರು. ದಡಕ್ಕೆ ಬಂದ ಮೇಲೆ ಅವಳು ಬೈಯತೊಡಗಿದಳು, ಮರಾಠಿಯಲ್ಲಿ, ನಿಲ್ಲಿಸದೆ. "ದೋರಿ ಕೈಗೆ ಕಟ್ಟಿಕೊಂಡು ಇಳಿದಿದ್ದೀಯಲ್ಲೋ! ಖಾಡಿ ಏನು ನಿನ್ನ ಎಮ್ಮೆಯಾ, ಮೇಯಿಸಿ ಮನೆಗೆ ಹೊಡೆದುಕೊಂಡು ಹೋಗಲಿಕ್ಕೆ?" ಅಣ್ಣ ತಲೆಯಾಡಿಸುತ್ತಿದ್ದರು. ಮಣಿಕಟ್ಟಿನ ಮೇಲೆ ಹಗ್ಗದ ಎಳೆಗಳು ಒಂದೊಂದೂ ಅಚ್ಚಾಗಿದ್ದವು. ಬೆರಳುಗಳು ನೀಲಿಯಾಗಿದ್ದವು. ನನಗೆ ಭಯವೂ ಆಗಲಿಲ್ಲ, ಸಮಾಧಾನವೂ ಆಗಲಿಲ್ಲ. ಕಾಲಿನ ಕೆಸರು ಒಣಗಿ ಬಿರಿಯುವುದನ್ನು ನೋಡುತ್ತ ಕುಳಿತಿದ್ದೆ.

ಠಾಣೆ ಪಟ್ಟಣದ ಡಾಕ್ಟರು ನರಕ್ಕೆ ಪೆಟ್ಟು ಎಂದರು. ಸರಿಹೋಗಬಹುದು, ಹೋಗದೆಯೂ ಇರಬಹುದು. ಮಳೆಗಾಲವಿಡೀ ಅಣ್ಣ ಎಡಗೈಯಲ್ಲಿ ಸೌಟು ಹಿಡಿದು ಬಡಿಸಿದರು. ಬಲಗೈಯಲ್ಲಿ ಒದ್ದೆ ಬಟ್ಟೆ ಹಿಂಡಲು ನೋಡುತ್ತಿದ್ದರು. "ಈಗ ಜುಮುಜುಮು ಅನ್ನುತ್ತದೆ. ಜೀವ ಬರ್ತಾ ಉಂಟು," ಎನ್ನುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ.

ನಾರಳಿ ಹುಣ್ಣಿಮೆ ಕಳೆದ ರವಿವಾರ ಬಂದರಿಗೆ ಹೋದೆವು. ತಾಂಡೇಲ ಒಳ್ಳೆಯವನು. ಕೈ ನೋಡಿದ, ದೋಣಿಯ ಬಲೆಯ ಹಗ್ಗದ ತುದಿ ಕೊಟ್ಟ. ಅಣ್ಣ ಬಲಗೈ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಹಗ್ಗದ ಮೇಲೆ ಮಡಚಿದರು. ದೋಣಿ ಸ್ವಲ್ಪ ತೊನೆಯಿತು. ಹಗ್ಗ ಬಿಗಿಯಾಯಿತು. ಬೆರಳುಗಳು ತೆರೆದುಕೊಂಡವು.

"ಮೊದಲು ಚಹಾ ಕುಡೀರಿ," ಎಂದ ತಾಂಡೇಲ ಹಿಂದಿಯಲ್ಲಿ.

"ಬೇಡ, ನೀವು ಹೊರಡಿ. ಈಗ ಬಿಟ್ಟರೆ ನೀರು ನಿಮ್ಮ ಕಡೆಗಿದೆ," ಎಂದರು ಅಣ್ಣ.

ದೋಣಿ ತಿರುವಿನ ಆಚೆ ಹೋಗುವವರೆಗೆ ನಿಂತೆವು. ವಾಪಸ್ ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕುಳಿತರು. ಬೇಲಾಪುರ ದಾಟಿದ ಮೇಲೆ ಮಾತಾಡಿದರು.

"ನಾಳೆ ಕ್ಯಾಂಟೀನಿನಲ್ಲಿ ನೀನೇ ಹೇಳು ಮಾರಾಯ. ನಾನು ಕೆಲಸ ಬಿಡುವುದಿಲ್ಲ ಅಂತ."

"ಹೇಳ್ತೀನ್ರಿ ಅಣ್ಣಾ," ಎಂದೆ.