ಹೊಗೆ ಯಾರದ್ದು?

ತೊಂಬತ್ತರ ದಶಕದಲ್ಲಿ ಅಮೆರಿಕದ ಸ್ಯಾನ್ ಪೀಡ್ರೊ ಬಂದರಿನ ಬಳಿ ನಾನು ಕೆಲಸ ಮಾಡಿದ ಸರಕು ಸಾಗಣೆ ಕಂಪನಿಯ ಯಜಮಾನರು ಮಂಗಳೂರಿನವರು. ಮಾತಿಗೆ ಮೊದಲು ಅಂಗಿಯ ತೋಳು ಮಡಚಿಕೊಳ್ಳುತ್ತಿದ್ದರು, ಜಗಳಕ್ಕೆ ಹೊರಟವರ ಹಾಗೆ.

ಸರದಿಗೆ ಕಾಯುವ ನಮ್ಮ ಟ್ರಕ್ಕುಗಳು ಆಫೀಸಿನ ಮುಂದಿನ ಬೀದಿಯಲ್ಲೇ ಎಂಜಿನ್ ಆರಿಸದೆ ನಿಲ್ಲುತ್ತಿದ್ದವು. ಎದುರುಮನೆಯ ಅಜ್ಜಿ ಒಮ್ಮೆ ಬಂದು, ಈ ಹೊಗೆಗೆ ಕಿಟಕಿ ತೆರೆಯುವುದನ್ನೇ ಬಿಟ್ಟಿದ್ದೇನೆ ಎಂದು ಹೇಳಿ ಹೋದರು. ಅಂದಿನಿಂದ ಯಜಮಾನರು ಎಸಿ ಆರಿಸಿ, "ಕಿಟಕಿ ತೆಗೀರಿ ಮಾರಾಯ್ರೆ" ಎಂದೇ ಮೀಟಿಂಗ್ ಶುರು ಮಾಡತೊಡಗಿದರು. ನಾವು ಒಳಗೊಳಗೇ ಬೈದುಕೊಳ್ಳುತ್ತಾ ಕೂರುತ್ತಿದ್ದೆವು.

ಯಜಮಾನರು ಹೇಳಿದಂತೆ ಟ್ರಕ್ಕುಗಳನ್ನು ದೂರದ ಯಾರ್ಡಿನಲ್ಲಿ ನಿಲ್ಲಿಸಿದರೆ ಸರಕು ತಡವಾಗಿ, ನಮ್ಮ ದೊಡ್ಡ ಗಿರಾಕಿ ಕೈಬಿಡುತ್ತಾನೆಂಬ ಭಯ ಎಲ್ಲರಿಗೂ ಇತ್ತು.

"ಸರ್, ರಸ್ತೆ ಸಿಟೀದು. ನಾವ್ ಯಾವ ರೂಲ್ಸೂ ಬ್ರೇಕ್ ಮಾಡ್ತಿಲ್ಲ," ಎಂದ ಬೆಂಗಳೂರಿನವನಾದ ನಮ್ಮ ಮ್ಯಾನೇಜರ್.

"ರಸ್ತೆ ಸಿಟಿಯದ್ದು. ಹೊಗೆ ಯಾರದ್ದು ಮಾರಾಯ್ರೆ?" ಎಂದರು ಯಜಮಾನರು.

ಮ್ಯಾನೇಜರ್ ಉತ್ತರಿಸಲು ಬಾಯಿ ತೆರೆದ, ಕೆಮ್ಮು ಬಂತು.

ಮರುವಾರ ಟ್ರಕ್ಕುಗಳು ಯಾರ್ಡಿಗೆ ಹೋದವು. ಆ ಗಿರಾಕಿಯೂ ಹೋಗಿಯೇಬಿಟ್ಟ. ಒಂದು ಮಧ್ಯಾಹ್ನ ಯಜಮಾನರು ತೋಳು ಮಡಚಿ, ಹೊಸ ಗಿರಾಕಿಗಾಗಿ ಫೋನ್ ಹಿಡಿದು ನಿಂತಿದ್ದಾಗ, ನಮ್ಮ ಕೋಣೆಗೆ ಈರುಳ್ಳಿ ಹುರಿಯುವ ಘಮ ಬಂತು. ಅಜ್ಜಿಯ ಅಡುಗೆಮನೆಯ ಕಿಟಕಿ ತೆರೆದಿತ್ತು.