ಬಾರದ ಬಸ್ಸಿನ ತುಂಬಿದ ಸೀಟುಗಳು

"ಬಸ್ಸೇ ಬಂದಿಲ್ಲ, ಆಗ್ಲೇ ಸೀಟೆಲ್ಲ ತುಂಬೋಗೈತಲ್ಲಮ್ಮ!" ಎಂದು ಮಧುಗಿರಿಯ ಕಂಪ್ಯೂಟರ್ ತರಗತಿಯ ಮಾಲೀಕರು ನಕ್ಕರು. ಅದು ಎಂಬತ್ತರ ದಶಕದ ಕೊನೆ. ತಾನು ಬರೆದ, ಬಸ್ ಸೀಟು ಕಾಯ್ದಿರಿಸುವ ಪ್ರೋಗ್ರಾಂ ಸರಿಯಾಗಿ ನಡೆದರೆ ನನ್ನ ತಂಗಿಯ ಮಗಳು ರತ್ನಳಿಗೆ ಅಲ್ಲೇ ಪಾಠ ಹೇಳುವ ಕೆಲಸ. ಅವಳ ಜೊತೆ ಹೋಗಿದ್ದ ನಾನೂ ಇಣುಕಿದೆ; ಪರದೆಯಲ್ಲಿ ಮೊದಲ ಸೀಟು ಮಾತ್ರ ಖಾಲಿ ಇತ್ತು.

"ತಪ್ಪು ನಂದಲ್ಲ ಸಾರ್, ಕಂಪೈಲರ್‌ದು. ಸೀಟಿನ ಸಾಲೆಲ್ಲ ಖಾಲಿ ಮಾಡು ಅಂದ್ರೆ ಮೊದಲ್ನೇದು ಮಾತ್ರ ಮಾಡಿ, ಮಿಕ್ಕಿದ್ರಲ್ಲಿ ಮೆಮೊರಿಲಿದ್ದ ಹಳೇ ಕಸ ಹಂಗೇ ಬುಟ್ಟೈತೆ, ಅದಕ್ಕೇ ತುಂಬಿದಂಗೆ ಕಾಣ್ತೈತೆ" ಎಂದಳು ರತ್ನ. ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವುದೇ ಕಂಪೈಲರ್.

"ಫಾರಿನ್‌ನೋರು ಮಾಡಿರೋದು ತಪ್ಪಾ?" ಎಂದರು ಮಾಲೀಕರು.

ರತ್ನ ವಾದಿಸಲಿಲ್ಲ. ಸೀಟುಗಳ ಸಾಲನ್ನು ಹುಟ್ಟಿಸಿ ಖಾಲಿ ಮಾಡುವುದಷ್ಟೇ ಇರುವ ಪುಟ್ಟ ಪ್ರೋಗ್ರಾಂ ಬರೆದು ಓಡಿಸಿದಳು. ಅದರಲ್ಲೂ ಅದೇ ತಪ್ಪು ಬಂತು. ಆಮೇಲೆ ಅದನ್ನು ಕಂಪೈಲರ್‌ಗೆ ಬಿಡದೆ, ಒಂದೊಂದು ಸೀಟಿಗೂ ಬೇರೆ ಬೇರೆ ಆದೇಶ ಬರೆದು ತಾನೇ ಖಾಲಿ ಮಾಡಿಸಿದಳು; ಸಾಲು ಪೂರ್ತಿ ಸರಿಯಾಯಿತು. ಮಾಲೀಕರು, "ಸೋಮವಾರದಿಂದ ಬಂದ್ಬುಡಮ್ಮ" ಎಂದರು.

ಅಂದಿನಿಂದ ನಾನು ಯಾರೊಡನೆ ವಾದಕ್ಕಿಳಿದರೂ ಮೊದಲು ದನಿ ತಗ್ಗಿಸಿ, ರತ್ನಳ ಪುಟ್ಟ ಪ್ರೋಗ್ರಾಂನಂತೆ ವಿಷಯವನ್ನು ಚಿಕ್ಕದು ಮಾಡಿಕೊಳ್ಳುತ್ತೇನೆ.